ಅಕ್ಕನ ಗ್ಯಾಲರಿ

ಊರಿನಿಂದ ಬೊಂಬಾಯಿಗೆ ಬರುವ ನಮ್ಮ ಉಡುಪಿ ಕಡೆಯವರು ಆಗ ದಾದರಿನಲ್ಲಿ ಇಳಿಯುತ್ತಿದ್ದರು. ಟ್ರಂಕು, ಹಪ್ಪಳದ ಕಟ್ಟು, ತೆಂಗಿನಕಾಯಿಯ ಗೋಣಿ ಎಲ್ಲವನ್ನೂ ಪ್ಲಾಟ್‌ಫಾರ್ಮಿನಲ್ಲಿ ಒಟ್ಟಿ, ಅದರ ಮೇಲೊಬ್ಬರನ್ನು ಕಾವಲು ಕೂರಿಸಿ, ಉಳಿದವರು ಎತ್ತ ಹೋಗುವುದೆಂದು ಯೋಚಿಸುತ್ತಿದ್ದರು. ಸೇತುವೆ ಹತ್ತಿ ಆಚೆ ಇಳಿದರೆ ಕಾಂದಿವಲಿಯ ಲೋಕಲ್. ಅದು ನನ್ನ ಮನೆಯ ದಾರಿ. ಸೇತುವೆ ದಾಟದೆ ಈಚೆಯೇ ನಿಂತರೆ ಕುರ್ಲಾ, ಅಲ್ಲಿ ಗಾಡಿ ಬದಲಿಸಿದರೆ ಚೆಂಬೂರು. ಅದು ಅಕ್ಕನ ಮನೆಯ ದಾರಿ. ಅರವತ್ತರ ದಶಕ ಮುಗಿದು ಎಪ್ಪತ್ತರದು ಹಿಡಿದ ಕಾಲ ಅದು. ನಾನು ಮದುವೆಯಾಗಿ ಕಾಂದಿವಲಿಗೆ ಬಂದು ಕೆಲವು ವರ್ಷಗಳಾಗಿದ್ದವು. ಅಷ್ಟು ಕಾಲದಲ್ಲಿ ಆ ಸೇತುವೆ ಹತ್ತಿ ನನ್ನ ಕಡೆಗೆ ಇಳಿದ ನೆಂಟರು ಇಲ್ಲವೇ ಇಲ್ಲ. ಇಲ್ಲ ಎಂದರೆ ಸುಳ್ಳಾದೀತು. ನಮ್ಮವರ ದೊಡ್ಡಪ್ಪ ಒಬ್ಬರು ಬಂದು ಒಂದು ವಾರ ಇದ್ದು ಹೋಗಿದ್ದರು. ಅವರಿಗೆ ಕಣ್ಣು ಕಾಣಿಸುತ್ತಿರಲಿಲ್ಲ.

ಕಣ್ಣಿದ್ದವರೆಲ್ಲ ಚೆಂಬೂರಿಗೇ ಹೋಗುತ್ತಿದ್ದರು. ಯಾಕೆಂದರೆ ಅಕ್ಕನ ಮನೆಯ ಗ್ಯಾಲರಿಯಲ್ಲಿ, ಬೊಂಬಾಯಿಯವರು ಬಾಲ್ಕನಿಗೆ ಹಾಗೆ ಹೇಳುವುದು, ನಿಂತರೆ ಎದುರಿಗೆ ಸಿನಿಮಾ ಹೀರೋನ ಬಂಗಲೆ ಕಾಣಿಸುತ್ತಿತ್ತು. ಬಂಗಲೆಯಷ್ಟೇ ಅಲ್ಲ, ಬಂಗಲೆಯ ಮಾಳಿಗೆ. ಮಾಳಿಗೆಯಷ್ಟೇ ಅಲ್ಲ, ಬೆಳಿಗ್ಗೆ ಮಾಳಿಗೆಯ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ಹಲ್ಲುಜ್ಜುವ ಸಾಕ್ಷಾತ್ ಹೀರೋ.

ಅಕ್ಕ ಆ ಮನೆಗೆ ಹೋದಾಗ ಎದುರಿಗೆ ಇದ್ದದ್ದು ಖಾಲಿ ಜಾಗ, ಅದರಲ್ಲಿ ಕುರುಚಲು ಗಿಡ. ಭಾವ ಚೆಂಬೂರು ಸ್ಟೇಷನ್ನಿನ ಬಳಿಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯ ಬಳಿ ಕೂರುತ್ತಿದ್ದರು. ಆ ಜಾಗದಲ್ಲಿ ಗೋಡೆ ಏಳತೊಡಗಿದಾಗ ಅಕ್ಕ ಗಾಳಿ ಹೋಯಿತು, ಬೆಳಕು ಹೋಯಿತು, ಬಟ್ಟೆ ಒಣಗುವುದಿಲ್ಲ ಎಂದು ನನ್ನಲ್ಲಿ ಗೋಳು ತೋಡಿಕೊಂಡಿದ್ದಳು. ಬಂಗಲೆ ಯಾರದೆಂದು ತಿಳಿದ ಮೇಲೆ ಅವಳ ಬಟ್ಟೆಗಳು ಒಣಗಿದವೋ ಇಲ್ಲವೋ, ಆ ಮಾತು ನಾನು ಮತ್ತೆ ಕೇಳಲಿಲ್ಲ. ಒಂದರ ಹಿಂದೊಂದು ಅವನ ಸಿನಿಮಾಗಳು ಓಡಿದವು. ಪ್ರತಿ ಸಿನಿಮಾಕ್ಕೂ ಅಕ್ಕನ ಗತ್ತು ಒಂದೊಂದು ಮೆಟ್ಟಿಲು ಏರಿತು. ಊರಿನಲ್ಲಿ ಅವಳನ್ನು ಹೆಸರು ಹಿಡಿದು ಹೇಳುವುದನ್ನೇ ಬಿಟ್ಟು "ಹೀರೋನ ಎದುರು ಮನೆಯವಳು" ಎನ್ನತೊಡಗಿದರು.

"ಅವರು ಹಲ್ಲುಜ್ಜುವುದು ಕೂಡ ಎಷ್ಟು ಚಂದ ಗೊತ್ತುಂಟಾ ನಿನಗೆ?" ಎಂದಳು ಒಮ್ಮೆ ಅಕ್ಕ. ಅವನು ಎನ್ನುವ ಮಾತೇ ಇಲ್ಲ ಅವಳ ಬಾಯಲ್ಲಿ. ಅವರು.

"ಹಲ್ಲುಜ್ಜುವುದರಲ್ಲಿ ಎಂತ ಚಂದ ಅಕ್ಕ? ನೊರೆ ಎಲ್ಲರ ಬಾಯಲ್ಲೂ ಒಂದೇ."

"ನಿನಗೆ ಗೊತ್ತಾಗುವುದಿಲ್ಲ ಬಿಡು. ಕಾಂದಿವಲಿಯಲ್ಲಿ ಇದ್ದವರಿಗೆ ಗೊತ್ತಾಗುವುದಿಲ್ಲ."

ನಾನು ಸಣ್ಣವಳಿದ್ದಾಗ ಅಕ್ಕನಿಗೆ ಹೊಸ ಲಂಗ ಬಂದ ದಿನವೆಲ್ಲ ನಮ್ಮ ಅಜ್ಜಿ ನನ್ನ ಮುಖ ನೋಡಿ, "ಇವತ್ತು ಸ್ನಾನಕ್ಕೆ ಬೆಂಕಿ ಬೇಡ, ಇವಳ ಹೊಟ್ಟೆಯ ಮೇಲೆ ನೀರಿಟ್ಟರೆ ಸಾಕು, ಕಾಯ್ತದೆ" ಎನ್ನುತ್ತಿದ್ದಳು. ಆ ಹೊಟ್ಟೆ ಬೊಂಬಾಯಿಗೆ ಬಂದ ಮೇಲೂ ತಣ್ಣಗಾಗಲಿಲ್ಲ. ಆಗುವುದಾದರೂ ಹೇಗೆ? ನನ್ನ ಕಿಟಕಿಯ ಎದುರು ಇದ್ದದ್ದು ಎಮ್ಮೆಗಳ ತಬೇಲ. ನಮ್ಮವರು ಕಾಂದಿವಲಿಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರ ನಡೆಸುವ ಟರ್ನರ್. ಚಾಳಿನಲ್ಲಿ ಒಂದು ಖೋಲಿ, ಒಂದು ಅಡಿಗೆಮನೆ. ನೆಂಟರಿಗೆಂದು ನಾನು ಹೊಲಿಸಿಟ್ಟ ಹಾಸಿಗೆಯ ಸುರುಳಿ ಕಟ್ಟಿದ ಹಾಗೆಯೇ ಮಾಡಿನ ಕೆಳಗಿನ ಅಟ್ಟದಲ್ಲಿ ಕೂತಿತ್ತು. ಊರಿಗೆ ಬರೆಯುವಾಗ ನಾನೂ ನನ್ನಿಂದಾದಷ್ಟು ಆಸೆ ತೋರಿಸುತ್ತಿದ್ದೆ: ನಮ್ಮಲ್ಲಿ ಕಣ್ಣೆದುರೇ ಹಾಲು ಕರೆಯುತ್ತಾರೆ, ನೀರು ಬೆರೆಸುವ ಮಾತೇ ಇಲ್ಲ, ಬನ್ನಿ. ಯಾರು ಬರುತ್ತಾರೆ? ಊರಿನಲ್ಲಿ ಅವರ ಹಟ್ಟಿಯಲ್ಲೇ ಹಾಲು ಕರೆಯುತ್ತಿದ್ದರು.

ಹಾಗೆಂದು ಅಕ್ಕನ ಮನೆ ಸುಖವಾಗಿತ್ತು ಅಂದುಕೊಳ್ಳಬೇಡಿ. ನನಗೆ ಅದು ಕಾಣುತ್ತಿತ್ತು. ಕಂಡರೂ ಹೊಟ್ಟೆ ಉರಿಯುವುದು ನಿಲ್ಲುತ್ತಿರಲಿಲ್ಲ ಎಂಬುದೇ ಇದರ ವಿಚಿತ್ರ. ಹೋಟೆಲಿನ ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಒಂದು ಕಣ್ಣು ನಿದ್ದೆ ಮಾಡಲು ಭಾವ ಮನೆಗೆ ಬಂದರೆ ಬಾಗಿಲಲ್ಲಿ ಗುರುತಿಲ್ಲದವರ ಚಪ್ಪಲಿ ರಾಶಿ. ಗ್ಯಾಲರಿಗೆ ಹೋಗುವ ದಾರಿ ಅವರು ಮಲಗುವ ಕೋಣೆಯ ಮೂಲಕವೇ. ಊರಿನ ನೆಂಟರು, ನೆಂಟರ ನೆಂಟರು, ಕೆಳಗಿನ ಮಹಡಿಯ ಗುಜರಾತಿ ಹೆಂಗಸಿನ ತಂಗಿಯ ಗೆಳತಿಯರು, ಎಲ್ಲರೂ ಅವರ ಮಂಚವನ್ನು ಬಳಸಿ ದಾಟಿ ಹೋಗುತ್ತಿದ್ದರು.

"ನನ್ನ ಮನೆಯ ಒಳಗೆ ಬರ್ಲಿಕ್ಕೆ ನನಗೂ ಒಂದು ಟಿಕೆಟ್ ಕೊಡು ಮಾರಾಯ್ತಿ" ಎನ್ನುತ್ತಿದ್ದರು ಭಾವ. "ಹಿಂದಿನ ಸಾಲಿನದ್ದಾದರೂ ಅಡ್ಡಿಯಿಲ್ಲ."

ಆ ಬಿಲ್ಡಿಂಗಿನ ಹೆಂಗಸರು ಮೊದಲಿನಿಂದ ಶುಕ್ರವಾರ ಸಂಜೆ ಭಜನೆಗೆ ಕೂರುತ್ತಿದ್ದರು. ಹೀರೋ ಶೂಟಿಂಗ್ ಮುಗಿಸಿ ಬರುವುದೂ ಸಂಜೆಯೇ. ಭಜನೆ ಮೊದಲು ಮುಂದೆ ಹೋಯಿತು, ಆಮೇಲೆ ಇನ್ನೂ ಮುಂದೆ ಹೋಯಿತು, ಕಡೆಗೆ ಎಲ್ಲಿ ಹೋಯಿತೋ ಕಾಣಲಿಲ್ಲ. "ದೇವರ ಪಟ ಇಲ್ಲೇ ಉಂಟಲ್ಲ, ಅದು ಎಲ್ಲಿಗೆ ಹೋಗ್ತದೆ?" ಎಂದು ಅಕ್ಕ ಸಮಾಧಾನ ಹೇಳಿದಳು. ಆ ಓಣಿಯ ಹುಡುಗರ ಕೂದಲು ಕಿವಿ ಮುಚ್ಚಿತು. ಟೈಲರ್ ಯಾವ ಬಟ್ಟೆ ಕೊಟ್ಟರೂ ಹೀರೋನ ಕಾಲರನ್ನೇ ಇಟ್ಟು ಹೊಲಿದು ಕೊಡುತ್ತಿದ್ದ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ಐವತ್ತು ದಾಟಿದವರೊಬ್ಬರು ಕೂಡ ಹೀರೋನ ಹಾಗೆ ಕತ್ತು ಓರೆ ಮಾಡಿ ಮಾತಾಡಲು ಹೋಗಿ, ಕತ್ತು ಉಳುಕಿ ವೈದ್ಯರ ಬಳಿ ಹೋದರು.

ಭಾವನಿಗೆ ನಿದ್ದೆ ಕೆಟ್ಟದ್ದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಯಕ್ಷಗಾನದ ದಿನ. ಹೋಟೆಲಿನ ಹುಡುಗರೆಲ್ಲ ಒಂದು ಸಂಘ ಕಟ್ಟಿಕೊಂಡು ವರ್ಷಕ್ಕೊಂದು ಆಟ ಆಡುತ್ತಿದ್ದರು. ಆ ವರ್ಷ ಭಾವನಿಗೆ ಮೊದಲ ಬಾರಿಗೆ ದೊಡ್ಡ ವೇಷ ಸಿಕ್ಕಿತ್ತು. ಕೆಲಸ ಮುಗಿದ ಮೇಲೆ ಹೋಟೆಲಿನ ಹಿಂದಿನ ಅಂಗಳದಲ್ಲಿ ತಿಂಗಳುಗಟ್ಟಲೆ ಕುಣಿದು ಕಲಿತಿದ್ದರು. ಅಕ್ಕನ ಒತ್ತಾಯಕ್ಕೆ ಸಂಘದವರು ಹೀರೋನನ್ನು ಮುಖ್ಯ ಅತಿಥಿಯೆಂದು ಕರೆದರು. ಬರುತ್ತೇನೆ ಎಂದನಂತೆ, ಅವನು ಎಂದನೋ ಅವನ ವಾಚ್‌ಮನ್ ಎಂದನೋ. ಎಂದೂ ಅಷ್ಟು ಜನ ಸೇರಿರಲಿಲ್ಲ. ಈಗ ಬರುತ್ತಾನೆ, ಇನ್ನೇನು ಬಂದ ಎಂದು ಕಾದು ಕಾದು, ಅವನು ಬಾರದೆ, ಬಾಡಿಗೆಗೆ ಹಿಡಿದ ಹಾಲ್ ಖಾಲಿ ಮಾಡುವ ಹೊತ್ತು ಬಂದು, ಆಟವೇ ಆಗಲಿಲ್ಲ. ಕಿರೀಟ ಕಟ್ಟಿಕೊಂಡು ಕೂತಿದ್ದ ಭಾವ ಬಣ್ಣವನ್ನು ಮನೆಗೆ ಬಂದು ತೆಂಗಿನೆಣ್ಣೆ ಹಚ್ಚಿ ತೆಗೆದರು. ಅಕ್ಕ ಮಾತ್ರ, "ಪಾಪ, ಅವರಿಗೆ ಎಷ್ಟು ಕೆಲಸ ಇರ್ತದೋ" ಎಂದಳು.

ಇದನ್ನೆಲ್ಲ ನೋಡಿಯೂ ಕೇಳಿಯೂ ಕಾಂದಿವಲಿಗೆ ಮರಳಿ ಕಿಟಕಿ ತೆರೆದು ಎಮ್ಮೆಗಳನ್ನು ಕಂಡಾಗ ನನಗೆ ಅನಿಸುತ್ತಿದ್ದದ್ದು ಒಂದೇ: ಇಲ್ಲಿ ಒಬ್ಬ ಸಣ್ಣ ವಿಲನ್ ಆದರೂ ಬಂದು ಇರಬಾರದೇ?

ಇಂಥ ಹೊತ್ತಿನಲ್ಲಿ ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಅಕ್ಕನ ಎರಡೂ ಬಾಣಂತನ ಊರಿನಲ್ಲೇ ಆಗಿತ್ತು. ಅಮ್ಮ ಎರಡು ಸಲವೂ ಅವಳನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದಳು. ನನಗೆ ಮಾತ್ರ ಕಾಲಿಗೆ ನೀರು ಇಳಿದು ಪಾದ ಹಲಸಿನ ಹಣ್ಣಿನ ಹಾಗೆ ಊದಿಕೊಂಡಿತು. ಅಷ್ಟು ದೂರದ ಪ್ರಯಾಣ ಕೂಡದು ಎಂದರು ಡಾಕ್ಟರು. ಅಮ್ಮನೇ ಬೊಂಬಾಯಿಗೆ ಬರುವುದೆಂದು ನಿಶ್ಚಯವಾಯಿತು.

ಕಾಲು ಊದಿದ್ದಕ್ಕೆ ನಾನು ಒಳಗೊಳಗೆ ದೇವರಿಗೆ ಕೈಮುಗಿದೆ. ಊರಿನವರನ್ನೆಲ್ಲ ಅಕ್ಕ ಎಳೆದುಕೊಂಡಿರಬಹುದು, ಅಮ್ಮನನ್ನು ಎಳೆಯಲಾರಳು. ಈ ಸಲ ಬಾಣಂತಿ ನಾನು. ನಮ್ಮವರು ಬಿಸಿನೀರಿಗೆ ತಾಮ್ರದ ಹಂಡೆ ತಂದರು. ಹಾಸಿಗೆಯ ಸುರುಳಿಯನ್ನು ಬಿಚ್ಚಿ ಬಿಸಿಲಿಗೆ ಹಾಕಿದೆ. ಪಕ್ಕದ ಖೋಲಿಯ ಮರಾಠಿ ಹೆಂಗಸಿಗೆ, ಎಲ್ಲರೂ ಬಾಯಿ ಎಂದು ಕರೆಯುವ ಅವರು ನನಗಿಂತ ಬಹಳ ದೊಡ್ಡವರು, "ನನ್ನ ಅಮ್ಮ ಬರ್ತಾಳೆ" ಎಂದು ದಿನಕ್ಕೆ ಎಷ್ಟು ಸಲ ಹೇಳಿದೆನೋ. ಅವರು, "ಹೋ, ಮಾಹೀತ್ ಆಹೆ, ಗೊತ್ತಾಯಿತು" ಎಂದು ನಗುತ್ತಿದ್ದರು. ಕನ್ನಡದ ಆ ಒಂದು ಮಾತು ಅವರು ನನ್ನಿಂದಲೇ ಕಲಿತದ್ದು.

ದಾದರಿಗೆ ನಾನೂ ಹೋದೆ. ಬೇಡ ಎಂದರೂ ಕೇಳಲಿಲ್ಲ. ಅಕ್ಕನೂ ಬಂದಿದ್ದಳು. ಊರಿನ ಹೋಟೆಲ್ ಹುಡುಗರ ಜೊತೆಯಲ್ಲಿ ಅಮ್ಮ ಗಾಡಿಯಿಂದ ಇಳಿದಳು. ನನ್ನ ಹೊಟ್ಟೆ ಮುಟ್ಟಿದಳು, ಕಾಲು ನೋಡಿ ಲೊಚಗುಟ್ಟಿದಳು. ಅಷ್ಟರಲ್ಲೇ ಅಕ್ಕ ಅಮ್ಮನ ಚೀಲ ಕೈಗೆ ತೆಗೆದುಕೊಂಡಾಗಿತ್ತು.

"ಇವಳಿಗೆ ಇನ್ನೂ ದಿನ ಉಂಟಲ್ಲ ಅಮ್ಮಾ. ನಾಲ್ಕು ದಿನ ನಮ್ಮಲ್ಲಿಗೆ ಬಾ. ಅಲ್ಲಿಗೆ ಹೋದ ಮೇಲೆ ಮತ್ತೆ ಬೆನ್ನು ನೆಟ್ಟಗೆ ಮಾಡ್ಲಿಕ್ಕೆ ಪುರುಸೊತ್ತು ಸಿಗುವುದಿಲ್ಲ ನಿನಗೆ."

ಅಮ್ಮ ನನ್ನ ಕಡೆ ತಿರುಗಿದಳು. "ಅದೂ ಹೌದಲ್ಲ ಮಗಾ? ನಾಲ್ಕೇ ದಿನ. ಆ ಹುಡುಗನನ್ನು ಒಮ್ಮೆ ನೋಡಿ ಬಂದುಬಿಡ್ತೇನೆ. ಇಲ್ಲದಿದ್ದರೆ ಊರಿನಲ್ಲಿ ಬೊಂಬಾಯಿಗೆ ಹೋದದ್ದೇ ಸುಳ್ಳು ಅಂತಾರೆ."

ಜೀವಮಾನದಲ್ಲಿ ಒಂದು ಸಿನಿಮಾ ನೋಡಿದವಳಲ್ಲ ನನ್ನ ಅಮ್ಮ. ಆ ಅಮ್ಮ ನನ್ನ ಎದುರಿಗೇ ಅಕ್ಕನ ಜೊತೆ ಕುರ್ಲಾ ಗಾಡಿ ಹತ್ತಿದಳು. ನಾನೂ ನಮ್ಮವರೂ ಸೇತುವೆ ಹತ್ತಿದೆವು. ಕೈಯಲ್ಲಿ ಹೊರಲು ಏನೂ ಇರಲಿಲ್ಲ.

ನಾಲ್ಕು ದಿನ ಎನ್ನುವುದು ನಮ್ಮ ಕಡೆ ಲೆಕ್ಕಕ್ಕೆ ಸಿಗುವ ಮಾತಲ್ಲ. ಭಾನುವಾರ ಬಂತು. ನಾವೇ ಅಮ್ಮನನ್ನು ಕರೆತರಲು ಚೆಂಬೂರಿಗೆ ಹೋದೆವು. ಊದಿದ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ ಒಳಗೆ ಹೋದರೆ ಅಮ್ಮ ಗ್ಯಾಲರಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದಳು. ಎಲ್ಲರಿಗಿಂತ ಮುಂದಿನ ಜಾಗ. ನನ್ನ ದನಿ ಕೇಳಿ ಹಿಂದೆ ನೋಡದೆಯೇ ಕೈಯೆತ್ತಿ, "ಶ್, ಬಂದ, ಬಂದ" ಎಂದಳು.

ನಾನೂ ನೋಡಿದೆ. ಅಂದಗಾರನೇ, ಸುಳ್ಳೇಕೆ? ಬಿಳಿ ಬನಿಯನ್ ಹಾಕಿಕೊಂಡು ಮಾಳಿಗೆಯ ಮೇಲೆ ಅತ್ತಿತ್ತ ನಡೆಯುತ್ತಿದ್ದ. ಎರಡು ಸಲ ಕೆಮ್ಮಿದ. ಅವನು ಕೆಮ್ಮಿದಾಗೆಲ್ಲ ಅಮ್ಮ ತನ್ನ ಎದೆ ಮುಟ್ಟಿಕೊಂಡಳು.

"ಎಷ್ಟು ಸೊರಗಿದ್ದಾನೆ ಪಾಪ. ಅವನಿಗೆ ಅಮ್ಮ ಇಲ್ಲವಾ?"

"ಇದ್ದಾರಂತೆ. ಅವರ ಊರಿನಲ್ಲಿ" ಎಂದಳು ಅಕ್ಕ.

"ಮತ್ತೆ ಇಲ್ಲಿ ನೋಡಿಕೊಳ್ಳುವುದು ಯಾರು?"

ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ. ತುಂಬಿದ ಬಸುರಿ. ಕುರ್ಚಿ ಬಿಟ್ಟುಕೊಡುವವರು ಇರಲಿಲ್ಲ. ಬಂದವರೆಲ್ಲ ಅಷ್ಟು ದೂರದಿಂದ ಬಂದವರು. ಅವನು ಒಳಗೆ ಹೋದ ಮೇಲೆ ಅಮ್ಮ ಎದ್ದು ನನ್ನ ತಲೆ ಸವರಿದಳು. ಆ ಕೈ ನನ್ನ ತಲೆಯ ಮೇಲಿದ್ದರೂ ಕಣ್ಣು ಮಾಳಿಗೆಯ ಮೇಲೇ ಇತ್ತು. ಮಾತು ಬದಲಿಸಬೇಕೆಂದು ನಾನು ಕೇಳಿದೆ:

"ಅಮ್ಮ, ನನ್ನ ಬಾಣಂತಿ ಲೇಹ್ಯ ಮಾಡಿಕೊಂಡು ಬಂದೆಯಾ?"

ಅಮ್ಮ ಅಕ್ಕನ ಮುಖ ನೋಡಿದಳು. ಅಕ್ಕ ಗೋಡೆ ನೋಡಿದಳು.

"ತಂದಿದ್ದೆ ಮಗಾ. ಶುಂಠಿ, ಜೀರಿಗೆ, ಬೆಲ್ಲ, ಮನೆಯ ತುಪ್ಪ, ಎಲ್ಲ ಹಾಕಿ ನಾನೇ ಕೂತು ಕಾಯಿಸಿದ್ದು. ಆದರೆ ಆ ಹುಡುಗನ ಕೆಮ್ಮು ನೋಡ್ಲಿಕ್ಕೇ ಆಗುವುದಿಲ್ಲ..."

"ಸ್ವಲ್ಪ ಅವರಿಗೆ ಕೊಟ್ಟೆವು" ಎಂದು ಅಕ್ಕ ಮುಗಿಸಿದಳು.

"ಸ್ವಲ್ಪ ಅಂದರೆ?"

"ಡಬ್ಬಿಯೇ ಕೊಟ್ಟೆವು ಮಾರಾಯ್ತಿ. ಅಂಥವರಿಗೆ ಎಲೆಯಲ್ಲಿ ಕಟ್ಟಿ ಕೊಡ್ಲಿಕ್ಕೆ ಆಗ್ತದಾ? ನಾನೇ ಹೋಗಿ ಗೇಟಿನಲ್ಲಿ ವಾಚ್‌ಮನ್ ಕೈಯಲ್ಲಿ ಕೊಟ್ಟು ಬಂದೆ. ಮರುದಿನ ಕೇಳಿದರೆ, ಸಾಬ್ ಬಹುತ್ ಖುಷ್ ಹುಯೇ ಅಂದ."

ಒಳಗೆ ಮಂಚದ ಮೇಲೆ ಮಲಗಿದ್ದ ಭಾವ ಮುಸುಕಿನೊಳಗಿನಿಂದಲೇ ಹೇಳಿದರು: "ಒಳ್ಳೆಯದಾಯಿತು. ಇನ್ನು ಅವನಿಗೆ ಹಾಲು ಚೆನ್ನಾಗಿ ಇಳಿಯುತ್ತದೆ."

ಗ್ಯಾಲರಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಮ್ಮವರೂ ನಕ್ಕರು. ಅಮ್ಮನಂತೂ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ನಗು ಬರಲಿಲ್ಲ. ನಮ್ಮ ಮುಖವನ್ನು ಕೂಡ ಎಂದೂ ನೋಡದ ಒಬ್ಬ ಗಂಡಸು ನನ್ನ ಅಮ್ಮನನ್ನು ತೆಗೆದುಕೊಂಡ, ಈಗ ನನ್ನ ಬಾಣಂತನವನ್ನೂ ತಿಂದ ಎನಿಸಿತು. ತಿಂದದ್ದು ಅವನೋ ಆ ವಾಚ್‌ಮನ್ನೋ, ಹೇಳಲಾರೆ. ಕೆಳಗೆ ಇಳಿಯುವಾಗ ನೋಡಿದೆ, ವಾಚ್‌ಮನ್ ಮುಖ ತುಪ್ಪ ಸವರಿದ ಹಾಗೆ ಮಿಂಚುತ್ತಿತ್ತು.

ಆ ದಿನವೂ ಅಮ್ಮ ಬರಲಿಲ್ಲ. "ಬರುವ ಭಾನುವಾರ ಅವನ ಹುಟ್ಟಿದ ದಿನವಂತೆ. ಅದೊಂದು ನೋಡಿ ಸೋಮವಾರ ಬಂದುಬಿಡ್ತೇನೆ. ನಿನಗೆ ಇನ್ನೂ ದಿನ ಉಂಟು ಮಗಾ" ಎಂದಳು.

ದಿನ ಇರಲಿಲ್ಲ. ಆ ಭಾನುವಾರ ಬೆಳಿಗ್ಗೆ ನಾನು ಹಾಲು ಕಾಯಿಸುತ್ತಿದ್ದಾಗ ನೋವು ಶುರುವಾಯಿತು. ಪಕ್ಕದ ಬಾಯಿ ಬಂದು ನನ್ನ ಹೊಟ್ಟೆ ಮುಟ್ಟಿ ನೋಡಿದರು. "ಘಾಬರೂ ನಕೋಸ್" ಎಂದು ನನಗೂ, "ಆಯೀಲಾ ಘೇಊನ್ ಯಾ, ವೇಳ್ ಆಹೆ" ಎಂದು ನಮ್ಮವರಿಗೂ ಹೇಳಿದರು. ಹೆದರಬೇಡ; ಅಮ್ಮನನ್ನು ಕರೆದುಕೊಂಡು ಬನ್ನಿ, ಇನ್ನೂ ಹೊತ್ತುಂಟು. ನಮ್ಮವರು ಔಷಧಿ ಅಂಗಡಿಯಿಂದ ಭಾವನ ಹೋಟೆಲಿಗೆ ಫೋನ್ ಮಾಡಿದರು. ಆ ದಿನ ಹೋಟೆಲಿನ ತುಂಬ ಹುಟ್ಟುಹಬ್ಬಕ್ಕೆ ಬಂದ ಜನ; ಫೋನ್ ಬಡಿದುಕೊಂಡೇ ಇತ್ತಂತೆ, ಎತ್ತುವವರಿಲ್ಲ. ಚಪ್ಪಲಿ ಮೆಟ್ಟಿಕೊಂಡು ಸ್ಟೇಷನ್ನಿಗೆ ಓಡಿದರು.

ಚೆಂಬೂರಿನಲ್ಲಿ ಏನಾಯಿತೆಂಬುದನ್ನು ನಮ್ಮವರೂ ಅಮ್ಮನೂ ನನಗೆ ಹೇಳಿದ್ದು ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ.

ಅಕ್ಕನ ಓಣಿಯಲ್ಲಿ ತಲೆಯ ಮೇಲೆ ತಲೆ. ಹಾರ ಹಿಡಿದವರು, ಪಟ ಹಿಡಿದವರು, ಹೆಗಲ ಮೇಲೆ ಮಕ್ಕಳನ್ನು ಹೊತ್ತವರು. ಲಾಠಿ ಹಿಡಿದ ಪೊಲೀಸರು. ನಮ್ಮವರು ಹೇಗೋ ನುಸುಳಿ ಅಕ್ಕನ ಬಿಲ್ಡಿಂಗಿನ ಕೆಳಗೆ ಮುಟ್ಟಿದರು. ಅಲ್ಲಿ ಗೇಟಿಗೆ ಬೀಗ. ಗುರುತಿಲ್ಲದವರು ಮೆಟ್ಟಿಲು ಹತ್ತಿ ಕಂಡವರ ಗ್ಯಾಲರಿಗೆ ನುಗ್ಗುತ್ತಿದ್ದಾರೆಂದು ಮಾಲೀಕ ಬೀಗ ಹಾಕಿಸಿದ್ದ. ಇವರು ತಲೆಯೆತ್ತಿ ನೋಡಿದರೆ ಮೇಲೆ ಅಕ್ಕನ ಗ್ಯಾಲರಿ, ಅದರಲ್ಲಿ ಅಕ್ಕ, ಅವಳ ಪಕ್ಕದಲ್ಲಿ ಅಮ್ಮ. ಕೂಗಿದರು. ಆ ಗದ್ದಲದಲ್ಲಿ ಯಾರ ಕೂಗು ಯಾರಿಗೆ? ಎರಡೂ ಕೈ ಎತ್ತಿ ಬೀಸತೊಡಗಿದರು. ಅದೇ ಹೊತ್ತಿಗೆ ಎದುರು ಮಾಳಿಗೆಗೆ ಹೀರೋ ಬಂದ. ಓಣಿಯಲ್ಲಿದ್ದವರೆಲ್ಲ ಕೈಯೆತ್ತಿ ಬೀಸತೊಡಗಿದರು. ಅಷ್ಟೂ ಜನ ಬಂಗಲೆಯ ಕಡೆ ಮುಖ ಮಾಡಿದ್ದರೆ ನಮ್ಮವರೊಬ್ಬರು ಹೀರೋನಿಗೆ ಬೆನ್ನು ಕೊಟ್ಟು ಬಿಲ್ಡಿಂಗಿನ ಕಡೆ ಕೈ ಬೀಸುತ್ತಿದ್ದರು.

"ಅರೇ ಭಾಯ್, ಹೀರೋ ಉಧರ್ ಹೈ" ಎಂದು ಪಕ್ಕದವನೊಬ್ಬ ಪಾಪ ಎನಿಸಿ ಇವರ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದ.

ಅಕ್ಕ ಇವರನ್ನು ಕಂಡಳು. ಕಂಡವಳೇ ಅಮ್ಮನ ರಟ್ಟೆ ಹಿಡಿದು, "ಅಮ್ಮಾ, ನೋಡು ನೋಡು! ಕಾಂದಿವಲಿಯವರೂ ಬಂದಿದ್ದಾರೆ! ಸಿನಿಮಾ ಅಂದರೆ ಮೂಗು ಮುರಿಯುವ ಮನುಷ್ಯ, ಹೇಗೆ ಕೈ ಬೀಸುತ್ತಿದ್ದಾರೆ ನೋಡು!" ಎಂದಳಂತೆ. ಅವಳ ಲೆಕ್ಕದಲ್ಲಿ ಆ ಓಣಿಗೆ ಬರುವವರೆಲ್ಲ ಬರುವುದು ಒಂದೇ ಕಾರಣಕ್ಕೆ. ಅಮ್ಮನಿಗೆ ಅಳಿಯನನ್ನು ಕಂಡು ಖುಷಿಯಾಯಿತು. ಅವಳೂ ಕೈ ಬೀಸಿದಳು. ಇವರು ಹೊಟ್ಟೆ ಮುಟ್ಟಿ ತೋರಿಸಿದರು. "ಹಸಿವಾಗಿರಬೇಕು, ಬೆಳಿಗ್ಗೆಯೇ ಹೊರಟಿದ್ದಾರೆ" ಎಂದಳು ಅಕ್ಕ. ಅಮ್ಮ ಮೇಲಿನಿಂದ, ಆಮೇಲೆ ಊಟಕ್ಕೆ ಬಾ ಎಂದು ಕೈಸನ್ನೆ ಮಾಡಿದಳು.

ಅಷ್ಟರಲ್ಲಿ ಹೀರೋ ಹಾರವೊಂದನ್ನು ಕೆಳಗೆ ಎಸೆದ. ಜನ ನುಗ್ಗಿತು, ಪೊಲೀಸರು ಲಾಠಿ ಬೀಸಿದರು. ನಮ್ಮವರ ಬೆನ್ನಿಗೂ ಒಂದು ಬಿತ್ತು. ತಳ್ಳಿಕೊಂಡು ಹೋದ ಜನ ಅವರನ್ನು ಸ್ಟೇಷನ್ನಿನ ಹತ್ತಿರವೇ ತಂದು ಬಿಟ್ಟಿತು. ತಿರುಗಿ ಒಳಗೆ ಹೋಗಲು ಪೊಲೀಸರು ಬಿಡಲಿಲ್ಲ. "ಹೆಂಡತಿಗೆ ಹೆರಿಗೆ" ಎಂದರೆ, "ಇಲ್ಲಿರುವ ಪ್ರತಿಯೊಬ್ಬನೂ ಒಂದೊಂದು ಕಥೆ ಹೇಳುತ್ತಾನೆ" ಎಂದು ಅವರಲ್ಲೊಬ್ಬ ಗದರಿದನಂತೆ.

ನಾನು ಇತ್ತ ಪಕ್ಕದ ಬಾಯಿಯ ಜೊತೆ ಟಾಂಗಾದಲ್ಲಿ ಹೆರಿಗೆ ಆಸ್ಪತ್ರೆ ಸೇರಿದ್ದೆ. ಬಾಗಿಲ ಕಡೆಗೇ ನೋಡುತ್ತಿದ್ದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಅಮ್ಮ ಎಂದುಕೊಂಡೆ, ಒಳಬಂದವಳು ನರ್ಸು. ನೋವು ಬರುವಾಗ ಹೆಂಗಸರು ಗಂಡನನ್ನು ಬೈಯುತ್ತಾರೆಂದು ಕೇಳಿದ್ದೇನೆ. ನಾನು ಬೈದದ್ದು ಹೀರೋನನ್ನು. ಅಜ್ಜಿಯ ಬಾಯಿಂದ ಕಲಿತ ಬೈಗುಳ ಒಂದನ್ನೂ ಬಿಡದೆ, ಅವನ ಟವೆಲ್, ಅವನ ಹಲ್ಲು, ಅವನ ಕೆಮ್ಮು ಸಮೇತ ಬೈದೆ. ಪಕ್ಕದ ಬಾಯಿ ನನ್ನ ಕೈ ಹಿಡಿದುಕೊಂಡು, "ಹೋ, ಹೋ, ಗೊತ್ತಾಯಿತು, ಗೊತ್ತಾಯಿತು" ಎನ್ನುತ್ತಿದ್ದರು. ಹೆಣ್ಣುಮಗು ಹುಟ್ಟಿತು. ಮೊದಲು ಎತ್ತಿಕೊಂಡವರು ಅವರೇ.

ಸಂಜೆಗೆ ನಮ್ಮವರು ಬಂದರು. ಅಂಗಿಯ ತೋಳು ಹರಿದಿತ್ತು. ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ. ಮಗುವನ್ನು ನೋಡಿ ಅವರ ಕಣ್ಣಲ್ಲಿ ನೀರು ಬಂತು.

"ಅಮ್ಮ ಎಲ್ಲಿ?" ಎಂದೆ.

"ಗ್ಯಾಲರಿಯಲ್ಲಿ" ಎಂದರು. ಉಳಿದ ಒಂದು ಚಪ್ಪಲಿಯನ್ನೂ ಕಳಚಿ, "ನಾನು ಬಾ ಅಂತ ಕೈ ಮಾಡಿದೆ. ಅತ್ತೆ ಟಾಟಾ ಮಾಡಿದರು" ಎಂದರು.

ನಾನು ಗೋಡೆಯ ಕಡೆ ಹೊರಳಿ ಮಲಗಿದೆ.

ಮರುದಿನ ಬೆಳಿಗ್ಗೆ ಭಾವನಿಗೆ ಫೋನ್ ಸಿಕ್ಕಿ, ಅಮ್ಮನೂ ಅಕ್ಕನೂ ಸಿಕ್ಕಿದ ಗಾಡಿ ಹತ್ತಿ ಬಂದರು. ಅಕ್ಕ ನೇರ ಮಗುವಿನ ಬಳಿ ಹೋದಳು. ಅಮ್ಮ ಬಾಗಿಲಲ್ಲೇ ನಿಂತಳು. ನಮ್ಮವರು ಬರಿಗಾಲಿನಲ್ಲಿ ಇದ್ದರು, ಅವಳು ಅವರ ಪಾದವನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಮಂಚದ ಅಂಚಿನಲ್ಲಿ ಕೂತು, ನನ್ನನ್ನು ಮುಟ್ಟದೆ ಹೇಳಿದಳು:

"ಅಳಿಯನ ಕೈ ನಾನು ಕಂಡೆ ಮಗಾ. ಕಾಣಲಿಲ್ಲ ಅಂತ ಹೇಳುವುದಿಲ್ಲ. ಅಷ್ಟು ಕೈಯಲ್ಲಿ ಒಂದು ಕೈ ನನ್ನನ್ನು ಕರೀಲಿಕ್ಕೆ ಅಂತ ಗೊತ್ತಾಗಲಿಲ್ಲ."

ಏನಾದರೂ ಚುಚ್ಚಿ ಹೇಳಬೇಕೆಂದು ಹಿಂದಿನ ದಿನದಿಂದ ನಾನು ಸಿದ್ಧಮಾಡಿಕೊಂಡ ಮಾತುಗಳಿದ್ದವು. ಮಗು ಅಳತೊಡಗಿದ್ದು ಒಳ್ಳೆಯದಾಯಿತು.

ಅಮ್ಮ ಕಾಂದಿವಲಿಗೆ ಬಂದಳು. ನನಗೆ ಎಣ್ಣೆ ತಿಕ್ಕಿದಳು, ಹಂಡೆಯ ನೀರು ಹೊಯ್ದಳು, ಸಾಂಬ್ರಾಣಿ ಹೊಗೆ ಹಾಕಿದಳು, ಸೊಂಟಕ್ಕೆ ಬಟ್ಟೆ ಬಿಗಿದು ಕಟ್ಟಿದಳು. ಎದುರಿನ ತಬೇಲಕ್ಕೆ ಹೋಗಿ ಎಮ್ಮೆ ಸಾಕುವ ಉತ್ತರದ ಭಯ್ಯಾನಿಗೆ ಕೈಸನ್ನೆಯಲ್ಲೇ ಹುಲ್ಲಿನ ಬಗ್ಗೆ ಬುದ್ಧಿ ಹೇಳಿ ಬಂದಳು. ಅಕ್ಕ ಒಂದು ದಿನ ಬಂದವಳು ಹೋಗುವ ಮನಸ್ಸಿಲ್ಲದೆ ಕೂತೇ ಇದ್ದಳು. ಮಾಲೀಕ ಗೇಟಿಗೆ ಬೀಗ ಹಾಕುವುದನ್ನು ರೂಢಿ ಮಾಡಿದ್ದಾನಂತೆ, ನೆಂಟರು ಕೆಳಗಿನಿಂದಲೇ ಕೂಗಬೇಕಂತೆ. ಬೇರೆ ಮನೆ ನೋಡುವ ಎನ್ನುತ್ತಾರಂತೆ ಭಾವ.

"ಊರಿಗೆ ಹೋಗುವ ಮೊದಲು ಒಂದು ವಾರ ನಮ್ಮಲ್ಲಿಗೆ ಬರ್ತೀಯಲ್ಲ ಅಮ್ಮಾ?" ಎಂದಳು.

"ಬೇಡ. ಅಲ್ಲಿ ನನಗೆ ಆರಾಮ ಇಲ್ಲ" ಎಂದಳು ಅಮ್ಮ. "ಅವನು ನೋಡಿಯಾನು ಅಂತ ಸೆರಗು ಸರಿಮಾಡಿಕೊಂಡು ಸರಿಮಾಡಿಕೊಂಡು ಭುಜ ನೋವು ಬಂತು ನನಗೆ."

"ಅವರು ನಮ್ಮನ್ನು ಯಾವತ್ತು ನೋಡಿದ್ದಾರೆ ಅಮ್ಮಾ?" ಎಂದು ಅಕ್ಕನ ಬಾಯಿಂದ ಬಂದುಬಿಟ್ಟಿತು. ಆ ಮಾತು ತಾನೇ ಕೇಳಿಸಿಕೊಂಡವಳು ಚೀಲ ಎತ್ತಿಕೊಂಡು ಎದ್ದಳು. ಹೊರಡುವಾಗ ಬಾಗಿಲಲ್ಲಿ ನಿಂತು ನನಗೆ, "ಅಮ್ಮನನ್ನು ಪೂರ್ತಿ ನೀನೇ ಇಟ್ಟುಕೊಂಡೆ ಅಲ್ವಾ?" ಎಂದಳು. ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆ ದಿನ ನಾನು ಎರಡು ತುತ್ತು ಹೆಚ್ಚೇ ಉಂಡೆ.

ಆ ಸುಖ ಉಳಿದದ್ದು ಮರುದಿನ ಬೆಳಗಿನವರೆಗೆ. ಅಮ್ಮ ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಮಗುವನ್ನು ಮಲಗಿಸಿ ನೀರು ಹೊಯ್ಯುತ್ತಿದ್ದಳು. ನಾನು ಬಟ್ಟೆ ಹಿಡಿದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿದ್ದೆ. ಅಮ್ಮ ಮಗುವಿನ ಗಲ್ಲ ಹಿಡಿದು ಬಹಳ ಹೊತ್ತು ನೋಡಿದಳು.

"ಕೋಪ ಮಾಡಬೇಡ ಮಗಾ. ಈ ಗಲ್ಲ ನೋಡು. ನಡುವಿನಲ್ಲಿ ಒಂದು ಗುಳಿ. ಆ ಹುಡುಗನದ್ದೇ ಹಾಗೆ."

"ಅದು ಇವರ ಗಲ್ಲ ಅಮ್ಮ. ಇವರಿಗೂ ಗುಳಿ ಉಂಟು."

"ಅಳಿಯನದ್ದೂ ಹೌದು. ಇಲ್ಲ ಅನ್ನುವುದಿಲ್ಲ. ಆದರೆ ಅವನು ನಗುವಾಗ..."

ಅಮ್ಮ ಸೇತುವೆ ದಾಟಿ ನನ್ನ ಮನೆಗೆ ಬಂದಿದ್ದಳು, ನಿಜ. ಬರುವಾಗ ಅವನನ್ನು ಚೆಂಬೂರಿನಲ್ಲಿ ಬಿಟ್ಟು ಬಂದಿರಲಿಲ್ಲ. ನಾನು ಮಗುವನ್ನು ಅವಳ ಕಾಲಿನಿಂದ ಎತ್ತಿಕೊಂಡು ಒರೆಸತೊಡಗಿದೆ. ಗಲ್ಲವನ್ನು ಸ್ವಲ್ಪ ಗಟ್ಟಿಯಾಗಿಯೇ ಒರೆಸಿದೆ, ಉಜ್ಜಿದರೆ ಹೋಗುವ ಮಸಿಯೇನೋ ಎಂಬಂತೆ. ಮಗು ಕಿರುಚಿಕೊಂಡಿತು.

"ಹೀಗೆ ಒರೆಸುವುದಾ ಹೆಣ್ಣೇ? ನಿನ್ನನ್ನು ನಾನು ಹೀಗೆ ಒರೆಸಿದ್ದೇನಾ?" ಎಂದು ಅಮ್ಮ ನನ್ನ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಹೇಗೆ ಒರೆಸಬೇಕೆಂದು ತೋರಿಸಲು ಒಂದು ಕೈಯಲ್ಲಿ ನನ್ನ ತಲೆ ಹಿಡಿದು, ಬಟ್ಟೆಯ ಮೂಲೆಯಿಂದ ನನ್ನ ಗಲ್ಲ ಒರೆಸಿದಳು. ನಾನು ಮುಖ ಎತ್ತಿ ಹಿಡಿದುಕೊಂಡೇ ಇದ್ದೆ. ಮಗು ಅಳುತ್ತಿತ್ತು. ಅಮ್ಮನಿಗೆ ಅದು ಕೇಳಿಸಲು ಸ್ವಲ್ಪ ಹೊತ್ತು ಹಿಡಿಯಿತು.